ಎರಿ ಅಂದರೆ ಕೆಂಪಲ್ಲ

ನಾಚಾರಂ, ಹೈದರಾಬಾದ್
೮ ಆಗಸ್ಟ್ ೨೦೨೪, ಗುರುವಾರ

ಪ್ರೀತಿಯ ಸುಗಲಾ,

ಮೊದಲು ನಿನ್ನ ಮೊಣಕಾಲಿನ ಸುದ್ದಿ ಹೇಳು. ದಿನಾ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದೀಯೋ, ಇಲ್ಲಾ ಮೊಮ್ಮಗ ಬಂದನೆಂದು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗುತ್ತಿದ್ದೀಯೋ? ಎರಡನೆಯದೇ ಇರಬೇಕು. ನಿನ್ನ ಮಗಳು ಗುರುದೇವಿಗೆ ಹಾಲು ಸರಿಯಾಗಿ ಬರುತ್ತಿದೆಯೇ? ಸಬ್ಬಸಿಗೆ ಪಲ್ಯಕ್ಕೆ ಬೆಳ್ಳುಳ್ಳಿ ಹೆಚ್ಚಿಗೆ ಹಾಕು, ಬಾಣಂತಿಗೆ ಒಳ್ಳೆಯದು. ಕೂಸಿನ ಹೊಕ್ಕುಳ ಒಣಗಿತೇ? ಅದಕ್ಕೆ ಬೂದಿ ಗೀದಿ ಹಚ್ಚಬೇಡಿರಿ ಎಂದು ಡಾಕ್ಟರಮ್ಮ ಹೇಳಿದ್ದನ್ನು ನಿನ್ನ ತಮ್ಮ ಹುಲಗೇಶನ ಹೆಂಡತಿಗೆ ಮತ್ತೊಮ್ಮೆ ನೆನಪು ಮಾಡು. ಇದನ್ನೆಲ್ಲ ಫೋನಿನಲ್ಲಿ ಕೇಳಬಹುದಿತ್ತಲ್ಲ ಎನ್ನಬೇಡ. ನಿನ್ನ ಬಲಗಿವಿ ನನ್ನ ಮಾತು ಕೇಳುವುದನ್ನು ಬಿಟ್ಟು ನಾಲ್ಕು ವರ್ಷವಾಯಿತು, ಎಡಗಿವಿ ಮದುವೆಯಾದಾಗಿನಿಂದಲೂ ಕೇಳಲಿಲ್ಲ. ಮೊನ್ನೆ ಫೋನು ಮಾಡಿ "ಹುಳದ್ದು ಒಂದು ತೊಂದರಿ ಆಗೇತಿ" ಎಂದು ಕೂಗಿದರೆ ನೀನು "ಹುಳಿ ಅಲ್ರೀ, ಪುಂಡಿಪಲ್ಯ ಮಾಡೀನಿ" ಎಂದೆ. ಹುಲಗೇಶನ ಮನೆಮಂದಿಯೆಲ್ಲ ನಕ್ಕಿದ್ದು ನನಗೆ ಇಲ್ಲಿಗೇ ಕೇಳಿಸಿತು. ಅದಕ್ಕೇ ಈ ಕಾಗದ. ಮಿಯಾಪುರದಲ್ಲಿ ಗೌಂಡಿ ಕೆಲಸ ಮಾಡುವ ನಮ್ಮೂರ ಗುರುಸಿದ್ದಪ್ಪ ಶನಿವಾರ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಗುರುದೇವಿಗೆ ಕೊಟ್ಟು ಓದಿಸಬೇಡ. ಹಸಿ ಬಾಣಂತಿ, ಸುಮ್ಮನೆ ಗಾಬರಿ ಬೀಳುತ್ತಾಳೆ. ಕನ್ನಡಕ ಹಾಕಿಕೊಂಡು ನೀನೇ ನಿಧಾನಕ್ಕೆ ಓದು.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ. ಮೈಗೆ ಏನೂ ಆಗಿಲ್ಲ. ಮೂಲೆಯ ಮೆಸ್ಸಿನಲ್ಲಿ ಅನ್ನ ಸಾರು ಉಣ್ಣುತ್ತಿದ್ದೇನೆ, ರೊಟ್ಟಿಯ ಮುಖ ನೋಡಿ ಇಪ್ಪತ್ತು ದಿನವಾಯಿತು. ಮಳೆ ಬಂದರೆ ನಮ್ಮ ಓಣಿಯಲ್ಲಿ ಮೊಣಕಾಲುದ್ದ ನೀರು, ಬಾರದಿದ್ದರೆ ಕುಡಿಯುವ ನೀರಿಗೆ ಟ್ಯಾಂಕರು. ಈ ಊರಿನ ನ್ಯಾಯವೇ ಹೀಗೆ. ನೀನು ಬಿಟ್ಟುಹೋದ ಶೇಂಗಾ ಚಟ್ನಿಪುಡಿಯ ಡಬ್ಬಿ ಮೊನ್ನೆ ಖಾಲಿಯಾಯಿತು, ತಳವನ್ನು ಬೆರಳಿನಿಂದ ಒರೆಸಿ ತಿಂದೆ. ಆದರೆ ಮೂರು ದಿನದಿಂದ ಬಿಸಿತುಪ್ಪದ ಹಾಗೆ ಒಂದು ಮಾತು ಬಾಯಲ್ಲಿ ಕೂತಿದೆ ಸುಗಲಾ, ನುಂಗಲಿಕ್ಕೂ ಆಗುವುದಿಲ್ಲ, ಉಗುಳಲಿಕ್ಕೂ ಆಗುವುದಿಲ್ಲ.

ಸ್ರವಂತಿ ನೆನಪಿದ್ದಾಳಲ್ಲ? ತಾರ್ನಾಕದ ನಮ್ಮ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ತೆಲುಗಿನ ಹುಡುಗಿ, ಕೋರುಟ್ಲ ಕಡೆಯವಳು. ಅವರವ್ವ ಬೀಡಿ ಕಟ್ಟಿ ಓದಿಸಿದ್ದು. ಹೋದ ದಸರೆಗೆ ಮನೆಗೆ ಬಂದು ನಿನ್ನ ಎಣ್ಣೆಗಾಯಿ ತಿಂದು, ಖಾರಕ್ಕೆ ಕಣ್ಣುಮೂಗು ಒರೆಸಿಕೊಳ್ಳುತ್ತಲೇ ಇನ್ನೊಂದು ರೊಟ್ಟಿ ಕೇಳಿದವಳು. ನೀನು "ನಮ್ಮ ಗುರುದೇವಿಗಿಂತ ಚಲೋ ಉಣ್ತಾಳ" ಎಂದಿದ್ದೆ. ಆ ಹುಡುಗಿಯ ಐದು ವರ್ಷವನ್ನು ನಾನು ಹಾಳು ಮಾಡಿದ್ದೇನೆ. ಬರುವ ಸೋಮವಾರ ಅವಳು ತನ್ನ ಪ್ರಬಂಧ ಸಲ್ಲಿಸುತ್ತಾಳೆ. ಅದರೊಳಗಿನ ಮುಖ್ಯ ಮಾತೇ ಸುಳ್ಳು. ಸುಳ್ಳಾದದ್ದು ನನ್ನ ಕೈಬರಹದಿಂದ. ಅವಳಿಗೆ ಇನ್ನೂ ಗೊತ್ತಿಲ್ಲ. ಹೇಳಬೇಕೆಂದು ಹೋಗುತ್ತೇನೆ, ಹಲ್ಲು ಕಿರಿದು ವಾಪಸು ಬರುತ್ತೇನೆ. ಐವತ್ತೊಂಬತ್ತು ವರ್ಷದ ಮುದಿಗೂಬೆಗೆ ಇಷ್ಟು ಅಂಜಿಕೆ ಇರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

ಇದು ನಿನಗೆ ತಿಳಿಯಬೇಕಾದರೆ ಹುಳದ ಹೊಟ್ಟೆಯ ಪುರಾಣ ಸ್ವಲ್ಪ ಕೇಳಬೇಕು. ಮೂವತ್ತೊಂದು ವರ್ಷ ಕಾಲೇಜಿನ ಲ್ಯಾಬಿನಲ್ಲಿ ಎರೆಹುಳ ತೊಳೆದು, ಮೇಣದ ತಟ್ಟೆಯಲ್ಲಿ ಗುಂಡುಸೂಜಿ ಚುಚ್ಚಿ ಹುಡುಗರಿಗೆ ಜೋಡಿಸಿ ಕೊಟ್ಟಿದ್ದೇನೆ, ನೀನು ಒಂದು ದಿನವೂ ಏನು ಎತ್ತ ಎಂದು ಕೇಳಲಿಲ್ಲ. "ಹುಳದ ಕೈ ಅವು, ಎರಡ ಸಲ ತೊಳಕೊಂಡ ಬರ್ರಿ" ಅಂದದ್ದೇ ಬಂತು. ಈಗ ಕೇಳು. ಎರೆಹುಳಕ್ಕೆ ಹಲ್ಲಿಲ್ಲ, ಮಣ್ಣನ್ನು ಇದ್ದ ಹಾಗೆಯೇ ನುಂಗುತ್ತದೆ. ಬಾಯಿ, ಗಂಟಲು ದಾಟಿದ ಮೇಲೆ, ಎಂಟನೆಯ ಉಂಗುರದ ಹತ್ತಿರ ದಪ್ಪ ಗೋಡೆಯ ಒಂದು ಗುಂಡು ಚೀಲ ಇರುತ್ತದೆ. ಗಿಜಾರ್ಡ್ ಎನ್ನುತ್ತಾರೆ, ನಾನು ಬೀಸುಕಲ್ಲು ಎನ್ನುತ್ತೇನೆ. ನುಂಗಿದ ಮಣ್ಣು ಅಲ್ಲಿ ನುರಿದು ಹಿಟ್ಟಾಗಿ ಮುಂದಕ್ಕೆ ಹೋಗುತ್ತದೆ. ಆಮೇಲೆ ಹೊಟ್ಟೆ, ಆಮೇಲೆ ಬಾಲದ ತನಕ ಕರುಳು. ಇಪ್ಪತ್ತಾರನೆಯ ಉಂಗುರದಲ್ಲಿ ಎರಡು ಪುಟ್ಟ ಕೊಂಬು. ಅಲ್ಲಿಂದ ಕರುಳಿನ ಒಳಗೆ ಉದ್ದಕ್ಕೂ ಸೀರೆಯ ನಿರಿಗೆಯಂಥ ಒಂದು ಮಡಿಕೆ, ತಿಂದದ್ದರ ಸಾರವನ್ನು ಹೀರಿಕೊಳ್ಳಲು ಜಾಗ ಹೆಚ್ಚಾಗಲಿ ಎಂದು. ದೇವರು ಒಂದು ಗೇಣಿನ ಹುಳಕ್ಕೆ ಎಷ್ಟು ತಲೆ ಓಡಿಸಿದ್ದಾನೆ ನೋಡು. ತಿಪ್ಪೆಯಲ್ಲಿ ಇನ್ನೊಂದು ಜಾತಿಯ ಹುಳ ಸಿಗುತ್ತದೆ, ಅದಕ್ಕೆ ಕೊಳೆತ ಸಗಣಿಯ ಮೆತ್ತನೆಯ ಊಟ, ಹಾಗಾಗಿ ಬೀಸುಕಲ್ಲು ಇದ್ದೂ ಇಲ್ಲದ ಹಾಗೆ. ಬೇರೆ ದೇಶದ ಇನ್ನೊಂದಕ್ಕೆ ಬೀಸುಕಲ್ಲಿನ ಮುಂಚೆ ಕೂಡಿಡುವ ಚೀಲವೊಂದು ಬೇರೆ. ಊಟದಂತೆ ಹೊಟ್ಟೆ. ಸ್ರವಂತಿ ಕೇಳಿಕೊಂಡ ಪ್ರಶ್ನೆ ಇನ್ನೂ ಸೂಕ್ಷ್ಮದ್ದು. ಜಾತಿ ಒಂದೇ, ಆದರೆ ಕೆಲವು ಹುಳ ಜಿಗುಟು ಕರಿಮಣ್ಣಿನಲ್ಲಿ ಬೆಳೆದವು, ಕೆಲವು ಗರಸು, ಸಣ್ಣ ಕಲ್ಲು ತುಂಬಿದ ಕೆಂಪುಮಣ್ಣಿನಲ್ಲಿ. ಯಾವುದರ ಬೀಸುಕಲ್ಲಿನ ಗೋಡೆ ದಪ್ಪ? ಗರಸು ತಿನ್ನುವುದರದ್ದೇ ದಪ್ಪ ಇರಬೇಕು ಎಂದು ನೀನೂ ಹೇಳುತ್ತೀ, ನಾನೂ ಹೇಳುತ್ತೇನೆ. ಆದರೆ ಅವಳ ಲೆಕ್ಕದಲ್ಲಿ ಉಲ್ಟಾ ಬಂತು. ಕರಿಮಣ್ಣಿನದು ದಪ್ಪ, ಕೆಂಪುಮಣ್ಣಿನದು ತೆಳು. ಅವಳ ಗೈಡು ಪದ್ಮನಾಭ ಸರ್ ಕುಣಿದಾಡಿಬಿಟ್ಟರು, ಇದು ಯಾರೂ ಹೇಳದ ಮಾತು ಎಂದು. ಪತ್ರಿಕೆಯಲ್ಲೂ ಛಾಪಿಸಿದರು, ಇಬ್ಬರ ಹೆಸರಿನಲ್ಲಿ. ಸಿದ್ದಿಪೇಟೆ ಹತ್ತಿರದ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಅವಳಿಗೆ ನೌಕರಿಯ ಮಾತೂ ಆಗಿದೆ, ಪದವಿ ಕೈಗೆ ಬಂದ ದಿನ ಸೇರಿಕೊಳ್ಳುವುದು.

ಹುಳ ತರುತ್ತಿದ್ದವನು ನಾನು. ಹೇಗೂ ನೀನು ಊರಿಗೆ ಹೋಗುವವನೇ, ಹುಡುಗಿಯನ್ನು ಯಾಕೆ ಓಡಾಡಿಸುವುದು ಎಂದು ಸರ್ ಅಂದರು, ನಾನೂ ಉಬ್ಬಿದೆ. ಪ್ರತಿ ಮಳೆಗಾಲದಲ್ಲಿ ನಾನು ಹಳ್ಳದ ದಂಡೆಯ ಹುಲಗೇಶನ ಎರಿ ಹೊಲದ ಕರಿಮಣ್ಣನ್ನೂ ಗುಡ್ಡದ ಬುಡದ ನಮ್ಮ ಮಸಾರಿ ಹೊಲದ ಕೆಂಪುಮಣ್ಣನ್ನೂ ಅಗೆಯುತ್ತಿದ್ದದ್ದು ನಿನಗೆ ಗೊತ್ತಲ್ಲ, "ಮಂದಿ ಊರಿಂದ ಜ್ವಾಳ ಒಯ್ತಾರ, ನನ್ನ ಗಂಡ ಹುಳ ಒಯ್ತಾನ" ಎಂದು ನೀನು ಓಣಿಯ ತುಂಬ ಹೇಳಿಕೊಂಡು ನಕ್ಕಿದ್ದೆ. ಸೋಮವಾರ ಬಸ್ಸಿನಿಂದ ಇಳಿದು ಸೀದಾ ಕಾಲೇಜಿಗೆ ಹೋಗಿ, ಅವಳು ಬರುವಷ್ಟರಲ್ಲಿ ಹುಳಗಳನ್ನು ತೊಳೆದು ಸ್ವಚ್ಛ ಮಾಡಿ ಇಡುತ್ತಿದ್ದೆ. ಚೀಲದ ಮಣ್ಣು ಅವಳ ಕಣ್ಣಿಗೆ ಬೀಳಲೇ ಇಲ್ಲ. ಎರಡು ಮೂರು ದಿನ ಒದ್ದೆ ಬ್ಲಾಟಿಂಗ್ ಪೇಪರಿನ ಮೇಲೆ ಬಿಟ್ಟರೆ ಕರುಳಿನ ಮಣ್ಣೆಲ್ಲ ಹೊರಗೆ ಬೀಳುತ್ತದೆ. ಹಾಗೆ ಮಾಡದಿದ್ದರೆ ಕರುಳನ್ನು ತೆಳ್ಳಗೆ ಕೊಯ್ಯುವ ಯಂತ್ರದ ಅಲಗು ಹಾಳಾಗುತ್ತದೆ. ಈ ಕೆಲಸವನ್ನು ನನ್ನಷ್ಟು ಚೊಕ್ಕ ಮಾಡುವವರು ಇಲ್ಲ ಎಂದು ಸರ್ ಎಲ್ಲರೆದುರು ಹೇಳುತ್ತಿದ್ದರು. ಆಮೇಲೆ ಕೆಡದಂತೆ ಫಾರ್ಮಲಿನ್ ಬಾಟಲಿಗೆ ಹಾಕಿ, ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಇಡುವುದು. ನನ್ನ ಇಂಗ್ಲಿಷ್ ಕೋಳಿ ಕೆದರಿದ ಹಾಗೆ, ತೆಲುಗು ಮಾತು ಬರುತ್ತದೆ, ಬರೆಯಲು ಬಾರದು. ಮೊದಲ ದಿನ ಸಂಕೋಚದಿಂದ ಕನ್ನಡದಲ್ಲಿ ಬರೆಯಲೇ ಎಂದು ಕೇಳಿದೆ. "ಮೀ ಅಕ್ಷರಾಲು ಮಾವೇ ಕದಾ ಅನ್ನಾ" ಎಂದಳು, ನಿಮ್ಮ ಅಕ್ಷರ ನಮ್ಮವೇ ತಾನೇ ಎಂದು. ಚೀಟಿಯನ್ನು ಗಡಗಡ ಓದಿಯೂ ತೋರಿಸಿದಳು. ನನಗೆ ಎಷ್ಟು ಖುಷಿಯಾಯಿತು ಎಂದರೆ ಆವತ್ತು ಮನೆಗೆ ಬರುವಾಗ ನಿನಗೆ ಜಿಲೇಬಿ ತಂದಿದ್ದೆ. ಈ ಹಾಳು ಊರಿನಲ್ಲಿ ನನ್ನ ಕನ್ನಡವನ್ನು ಬೇಕೆಂದು ಓದಿದವಳು ಅವಳೊಬ್ಬಳೇ.

ಹೋದ ಸೋಮವಾರ ಬಾಟಲಿಗಳನ್ನು ಕಪಾಟಿನಲ್ಲಿ ಜೋಡಿಸಲು ಹೇಳಿದಳು, ಪರೀಕ್ಷಕರು ಬಂದರೆ ತೋರಿಸಲಿಕ್ಕೆ. ಕೆಂಪುಮಣ್ಣಿನವು ಎಡಕ್ಕೆ, ಕರಿಮಣ್ಣಿನವು ಬಲಕ್ಕೆ. ಮಸಾರಿಯವನ್ನು ಎಡಕ್ಕಿಟ್ಟೆ, ಎರಿಯವನ್ನು ಬಲಕ್ಕಿಟ್ಟೆ. ಅವಳು ಬಂದು ನೋಡಿ ಕಿಲಕಿಲ ನಕ್ಕು, "ಉಲ್ಟಾ ಪೆಟ್ಟಿನವ್ ಅನ್ನಾ" ಎಂದಳು, ತಿರುವುಮುರುವು ಇಟ್ಟಿದ್ದೀ ಅಣ್ಣಾ ಎಂದು. ಒಂದೊಂದೇ ಬಾಟಲಿ ತೆಗೆದು ಆ ಕಡೆಯದನ್ನು ಈ ಕಡೆಗಿಟ್ಟಳು. ನಾನು, ಅಲ್ಲವ್ವಾ, ಸರಿಯಾಗೇ ಇಟ್ಟಿದ್ದೇನಲ್ಲ ಎಂದೆ. ಅವಳು ಗಾಜಿನ ಮೇಲೆ ಬೆರಳಿಟ್ಟು ಎಳೆ ಮಕ್ಕಳಿಗೆ ಕಲಿಸಿದ ಹಾಗೆ ಓದಿದಳು. ಎ, ರಿ. ಎರ್ರ ಮಣ್ಣು. ಮ, ಸಾ. ಮಸಿ, ಕಪ್ಪು ಮಣ್ಣು. ನಮ್ಮ ಎರಿ ಅವಳಿಗೆ ಕೆಂಪಾಗಿದೆ ಸುಗಲಾ! ನಾನು ಮಸಾರಿಯನ್ನು ಮೊಟಕು ಮಾಡಿ ಮಸಾ ಎಂದು ಬರೆದದ್ದು ಮಸಿಯಾಗಿದೆ. ಐದು ವರ್ಷದಿಂದ ಅವಳು ಕರಿಯದನ್ನು ಕೆಂಪು ಎಂದು, ಕೆಂಪನ್ನು ಕಪ್ಪು ಎಂದು ಬರೆದುಕೊಂಡಿದ್ದಾಳೆ. ಉಲ್ಟಾ ಬಂದದ್ದು ಹುಳದ ಹೊಟ್ಟೆಯಲ್ಲ, ನನ್ನ ಚೀಟಿ. ತೆಲುಗಿನಲ್ಲಿ ಎರ್ರ ಅಂದರೆ ಕೆಂಪು ಎಂದು ನನಗೆ ಗೊತ್ತಿರಲಿಲ್ಲವೇ? ಮೂವತ್ತು ವರ್ಷದಿಂದ ಸಂತೆಯಲ್ಲಿ ಎರ್ರ ಉಳ್ಳಿಗಡ್ಡೆ ಕೊಡು ಎಂದು ಕೇಳಿಯೇ ಕೊಂಡಿದ್ದೇನೆ. ಬರೆಯುವಾಗ ಮಾತ್ರ ಒಂದು ದಿನವೂ ತಲೆಗೆ ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಎರಿ ಅಂದರೆ ನನ್ನ ಕಣ್ಣಿಗೆ ಹಳ್ಳದ ದಂಡೆಯ ಕರಿನೆಲವೇ ಬರುವುದು. ನನ್ನ ಅಕ್ಷರ ಸೊಟ್ಟಗಿದ್ದಿದ್ದರೆ ಅವಳು ಏನಿದು ಎಂದು ಕೇಳುತ್ತಿದ್ದಳು. ದುಂಡಗೆ ಬರೆದು ಸತ್ತೆ.

ಅವಳಿಗೆ ಹೇಳುವ ಮುಂಚೆ ಸರ್‌ಗೆ ಹೇಳುವುದು ರೀತಿ ಎಂದು ಮಂಗಳವಾರ ಅವರ ಕೋಣೆಗೆ ಹೋದೆ. ಖರೆ ಹೇಳಬೇಕೆಂದರೆ ರೀತಿಯೂ ಅಲ್ಲ ಗೀತಿಯೂ ಅಲ್ಲ, ಅವರೇ ಅವಳಿಗೆ ಹೇಳಲಿ, ನಾನು ತಪ್ಪಿಸಿಕೊಳ್ಳಲಿ ಎಂಬ ಆಸೆ. ಅವರು ಚೀಟಿಯ ಸಂಗತಿ ಪೂರಾ ಕೇಳಿಕೊಂಡರು. ಆಮೇಲೆ "ಸಬೂತ್ ಕ್ಯಾ ಹೈ, ಹುಸೇನಪ್ಪ?" ಎಂದರು. ಸಾಕ್ಷಿ ಏನಿದೆ ಎಂದು. ನಾನು, ಸರ್, ಒಂದು ಹುಳದ ಕರುಳು ಕೊಯ್ದರೆ ಒಳಗಿನ ಮಣ್ಣಿನ ಬಣ್ಣವೇ ಹೇಳುತ್ತದಲ್ಲ ಎನ್ನಲು ಹೋಗಿ, ಅರ್ಧಕ್ಕೇ ಬಾಯಿ ಮುಚ್ಚಿಕೊಂಡೆ. ಆ ಕರುಳಿನಲ್ಲಿ ಏನಿದೆ? ಏನೂ ಇಲ್ಲ. ಇನ್ನೂರ ನಲವತ್ತು ಹುಳದ ಹೊಟ್ಟೆಯನ್ನು ಮಣ್ಣಿನ ಒಂದು ಕಣವೂ ಉಳಿಯದಂತೆ ಖಾಲಿ ಮಾಡಿಸಿದವನು ನಾನೇ ಅಲ್ಲವೇ? ಅವರಿಗೂ ಅದು ಗೊತ್ತಿತ್ತು, ನನ್ನ ಮುಖವನ್ನೇ ನೋಡುತ್ತಿದ್ದರು. ಐದು ವರ್ಷವಾದ ಮೇಲೆ ಒಬ್ಬ ಅಟೆಂಡರ್ ಬಂದು ಚೀಟಿ ಅದಲುಬದಲು ಆಗಿದೆ ಎಂದರೆ ಯಾರು ನಂಬುತ್ತಾರೆ, ಛಾಪಿಸಿದ ಮಾತನ್ನು ಹಿಂದಕ್ಕೆ ತಗೊಂಡರೆ ಆ ಹುಡುಗಿಯ ಬಾಳು ಏನಾಗುತ್ತದೆ, ಅವಳ ಫೆಲೋಶಿಪ್ಪಿಗೆ ಇನ್ನು ಎಷ್ಟು ದಿನ ಉಳಿದಿದೆ, ಎಲ್ಲ ಕೇಳಿದರು. ಕಡೆಗೆ ಮೆಲ್ಲಗೆ, ಆಕೆಗೆ ಪದವಿ ಸಿಗಲಿ, ನೀನು ಜನವರಿಯಲ್ಲಿ ರಿಟೈರ್ ಆಗು, ಇಬ್ಬರೂ ಸುಖವಾಗಿರಿ ಎಂದರು. ಸರ್ ಕೆಟ್ಟವರಲ್ಲ ಸುಗಲಾ. ನಿನ್ನ ಆಪರೇಷನ್ನಿನಲ್ಲಿ ರಕ್ತ ಕೊಟ್ಟವರು ಅವರೇ. ಅದಕ್ಕೇ ನನ್ನ ಕೈಕಾಲು ಕಟ್ಟಿದಂತಾಗಿದೆ. ಕೆಟ್ಟವರಾಗಿದ್ದರೆ ಎದುರು ನಿಂತು ಜಗಳವಾದರೂ ಆಡುತ್ತಿದ್ದೆ.

ನಿನ್ನೆ ಹೇಳಿಯೇ ತೀರುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಅವಳ ಮೇಜಿನ ಹತ್ತಿರ ಹೋದೆ. ಅವಳು ನಗುತ್ತ ಅಚ್ಚಾದ ಒಂದು ಹಾಳೆ ತೋರಿಸಿದಳು. ಪ್ರಬಂಧದ ಮೊದಲಿಗೆ ಉಪಕಾರ ಮಾಡಿದವರನ್ನು ನೆನೆಯುವ ಹಾಳೆ. ಸರ್ ಹೆಸರಿದೆ, ಅವರವ್ವನ ಹೆಸರಿದೆ, ಅದರ ಕೆಳಗೆ ನನ್ನದು. ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಬರೆದಿದ್ದಳು, ಅವಳೇ ಅರ್ಥ ಹೇಳಿದಳು. ಪ್ರತಿಯೊಂದು ಹುಳವನ್ನೂ ತಂದು, ತೊಳೆದು, ತಪ್ಪಿಲ್ಲದೆ ಹೆಸರು ಬರೆದುಕೊಟ್ಟ ಹುಸೇನಪ್ಪ ಅಣ್ಣನಿಗೆ, ಎಂದು ಬರೆದಿದ್ದಾಳಂತೆ. ತಪ್ಪಿಲ್ಲದೆ! ನಾನು ಹಾಳೆ ಹಿಡಿದುಕೊಂಡು ಬಹಳ ಚೆನ್ನಾಗಿದೆ ತಾಯಿ ಎಂದೆ. ಅಷ್ಟೇ ಅಂದದ್ದು. ಆಮೇಲೆ ಬಾಟಲಿ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ನಗಬೇಡ. ನೀನು ಇಲ್ಲಿದ್ದಿದ್ದರೆ "ಏನ್ರೀ ಇದು, ಹೆಣಮಕ್ಕಳಂಗ, ಹೋಗಿ ಹೇಳಿ ಬರ್ರಿ" ಎಂದು ಬೆನ್ನಿಗೆ ಒಂದು ಗುದ್ದು ಕೊಟ್ಟು ಕಳಿಸುತ್ತಿದ್ದೆ. ಆ ಗುದ್ದು ಕೊಡುವವಳು ಈಗ ಇಲ್ಲಿಲ್ಲ. ಹೇಳಿದರೆ ಅವಳ ನೌಕರಿ ಹೋಗುತ್ತದೆ, ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಜೀವಮಾನವಿಡೀ ಅವಳು ಕ್ಲಾಸಿನಲ್ಲಿ ನಿಂತು ಹುಡುಗಿಯರಿಗೆ ನನ್ನ ತಪ್ಪನ್ನೇ ಪಾಠ ಮಾಡುತ್ತಾಳೆ. ಇತ್ತ ದರಿ, ಅತ್ತ ಪುಲಿ. ಏನು ಮಾಡಲಿ ಹೇಳು. ನೀನು ಉತ್ತರ ಬರೆದು ಅದು ನನಗೆ ಮುಟ್ಟುವ ಹೊತ್ತಿಗೆ ಸೋಮವಾರ ಆಗಿಹೋಗಿರುತ್ತದೆ ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಕೇಳಲು ನನಗೆ ಬೇರೆ ಯಾರಿದ್ದಾರೆ?

ಇರಲಿ. ಕೂಸಿಗೆ ಈ ಅಜ್ಜನ ಕಡೆಯಿಂದ ಹಣೆಗೊಂದು ಮುತ್ತು ಕೊಡು. ನನ್ನ ಮೂಗೇ ಬಂದಿದೆ ಎಂದು ಹುಲಗೇಶ ಹೇಳಿದ, ಪಾಪ, ದೊಡ್ಡವನಾದ ಮೇಲೆ ಸರಿಹೋದೀತು. ಗುರುದೇವಿಗೆ ತಣ್ಣೀರು ಮುಟ್ಟಬೇಡ ಎಂದು ಹೇಳು. ಹುಲಗೇಶನಿಗೂ ಅವನ ಮನೆಯವಳಿಗೂ ನನ್ನ ನಮಸ್ಕಾರ. ನೀನು ಮೆಟ್ಟಿಲು ಹತ್ತಬೇಡ. ನಿಮ್ಮೆಲ್ಲರ ಹೊಟ್ಟೆ ತಣ್ಣಗಿರಲಿ.

ನಿನ್ನ ಗಂಡ,
ಹುಸೇನಪ್ಪ

ತಾ.ಕ.: ಶನಿವಾರ ಮುಂಜಾನೆ. ಗುರುಸಿದ್ದಪ್ಪ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ. ಹೇಳಿಬಿಟ್ಟೆ ಸುಗಲಾ, ನಿನ್ನೆ ಸಂಜೆ. ತಮಾಷೆ ಎಂದುಕೊಂಡು ಮೊದಲು ನಕ್ಕಳು. ಆಮೇಲೆ ಚೀಟಿಗಳನ್ನು ಒಂದೊಂದಾಗಿ ಹೊರಗೆ ತೆಗೆದು ಮೇಜಿನ ಮೇಲೆ ಹರಡಿಕೊಂಡು ಕೂತಳು. ಬೈಯಲಿಲ್ಲ, ಅಳಲೂ ಇಲ್ಲ. ನಿಮ್ಮ ಭಾಷೆಯಲ್ಲಿ ಕೆಂಪಿಗೆ ಏನನ್ನುತ್ತೀರಿ ಅನ್ನಾ ಎಂದು ಕೇಳಿದಳು. ಕೆಂಪು ಎಂದೆ. ಐದು ವರ್ಷ ಒಂದೇ ಮೇಜಿಗೆ ಕೂತವರು ಈ ಮಾತನ್ನು ಮೊದಲ ದಿನವೇ ಆಡಬಹುದಿತ್ತು. ಸೋಮವಾರ ಸಲ್ಲಿಸುವುದಿಲ್ಲ ಎಂದು ಸರ್‌ಗೆ ತಾನೇ ಫೋನು ಮಾಡಿದಳು. ಅವರು ಏನಂದರೋ ಗೊತ್ತಿಲ್ಲ, ಬಹಳ ಹೊತ್ತು ಕೇಳಿಸಿಕೊಂಡು ಇಟ್ಟಳು. ಹೊಸದಾಗಿ ಹುಳ ಹಿಡಿದು ಮೊದಲಿನಿಂದ ಮಾಡುತ್ತಾಳಂತೆ. ಅದಕ್ಕೆ ಕಾಲೇಜಿನವರು ಸಮಯ ಕೊಡುತ್ತಾರೋ ಇಲ್ಲವೋ, ಆ ನೌಕರಿ ಇರುತ್ತದೋ ಹೋಗುತ್ತದೋ, ದೇವರೇ ಬಲ್ಲ. ನಾಳೆಯ ಬಸ್ಸಿಗೆ ಬರುತ್ತಿದ್ದೇವೆ, ಎರಡೂ ಹೊಲ ತನ್ನ ಕಣ್ಣಿನಿಂದ ನೋಡಬೇಕು ಎಂದಿದ್ದಾಳೆ. ಹುಲಗೇಶನಿಗೆ ನಾವು ಹುಳ ಹಿಡಿಯುವ ತನಕ ಎರಿಯಲ್ಲಿ ಕುಂಟೆ ಹೊಡೆಯಬೇಡ ಎಂದು ಈಗಲೇ ಹೇಳು. ನಿನ್ನೆ ಅವಳಿಗೆ ನಾನು ಮಾಡಿಕೊಟ್ಟ ಚಹಾ ಹಾಗೇ ಆರಿಹೋಯಿತು. ಬಸ್ಸಿನಲ್ಲಿ ಬೇರೆ ಸೀಟು ತೆಗೆಸಲು ಹೇಳಿದ್ದಾಳೆ. ನೀನು ಏನೂ ಕೇಳಬೇಡ, ನನ್ನ ಪರವಾಗಿ ಒಂದು ಮಾತೂ ಆಡಬೇಡ. ಎರಡು ಬಿಸಿ ರೊಟ್ಟಿ ಬಡಿದು ಅವಳನ್ನು ಒಲೆಯ ಹತ್ತಿರ ಕೂಡಿಸಿಕೋ. ನನ್ನ ತಾಟು ಹೊರಗಿನ ಕಟ್ಟೆಗೆ ಕೊಡು. ನಾನು ಎದುರಿಗಿದ್ದರೆ ಆ ಹುಡುಗಿ ಉಣ್ಣುವುದಿಲ್ಲ.